ಮೀರಾವಿ ಒಳಗೇ ಬಿಟ್ಟ ಎರಡು ಹಲ್ಲು

ಪುರಾರಿ ನದಿಯ ನಮ್ಮ ದಂಡೆಯಲ್ಲಿ ಮೀರಾವಿಯಷ್ಟು ಬಿರುಸಾಗಿ ಸಾಗೋ ತಾಳೆಯ ತಿರುಳು ಕುಟ್ಟುವವರು ಇನ್ನೊಬ್ಬರಿರಲಿಲ್ಲ. ಗಂಡ ಸತ್ತ ಮೇಲೆ ಆ ಮರ ಸೀಳಿ, ತಿರುಳು ಕುಟ್ಟಿ ಹಿಟ್ಟು ತೆಗೆದು ಒಬ್ಬಳೇ ಬದುಕಿದಳು. ಮಾತು ಕಡಿಮೆ, ಕೈ ಒರಟು. ಅವಳಿಗಿದ್ದದ್ದು ತಂಗಿ ಎವೋವಾ ಒಬ್ಬಳೇ. ಎವೋವಾಳ ಗಂಡ ಸೆಮೆಸೆ ಹೊಡೆಯುವವನು. ಒಂದು ದಿನ ದೋಣಿಯ ಹುಟ್ಟಿನಿಂದ ಬಾರಿಸಿ ಹೆಂಡತಿಯ ದವಡೆ ಊದಿಸಿದ್ದ. ಮೀರಾವಿ ಅವನ ಮನೆಯ ಏಣಿಯ ಕೆಳಗೆ ನಿಂತು, "ಇನ್ನೊಂದ್ಸಲ ಅವಳನ್ನ ಮುಟ್ಟು, ನಿನ್ನ ಕೈ ಕಡಿದು ಮೊಸಳೆಗೆ ಹಾಕ್ತೀನಿ ಕಣೋ!" ಎಂದದ್ದು ಊರಿಗೆಲ್ಲ ಕೇಳಿಸಿತ್ತು.

ಅದಾದ ಮೂರನೇ ದಿನ, ಸೆಮೆಸೆ ಕೆಡವಿದ ಸಾಗೋ ಮರವನ್ನು ಅಕ್ಕತಂಗಿಯರೂ ಪಕ್ಕದ ಮನೆಯ ನಾನೂ ಕುಟ್ಟುತ್ತಿದ್ದೆವು. ಪೊದೆಯಲ್ಲಿ ಅವನ ಹಂದಿಮರಿ ಕಿರುಚಿತು. ಅಲ್ಲೇ ಇದ್ದ ಅವನೂ ನಾವೂ ಓಡಿದರೆ, ತೊಡೆಗಾತ್ರದ ಹೆಬ್ಬಾವು ಅದನ್ನು ಸುತ್ತಿಕೊಂಡಿತ್ತು. ಸೆಮೆಸೆ ಮರಿಯ ಕಾಲು ಹಿಡಿದು ಜಗ್ಗಿದ. ಹಾವು ಮರಿಯನ್ನು ಬಿಟ್ಟು ಅವನ ಮುಂಗೈಯನ್ನೇ ಕಚ್ಚಿತು. ನೋಡನೋಡುತ್ತ ತೋಳಿಗೆ ಎರಡು ಸುತ್ತು, ಕುತ್ತಿಗೆಗೆ ಒಂದು.

ಅವನು ಕೈಯನ್ನು ಹಿಂದಕ್ಕೆ ಎಳೆದ. ಹೆಬ್ಬಾವಿನ ಹಲ್ಲೆಲ್ಲ ಗಂಟಲ ಕಡೆಗೆ ಬಾಗಿದ ಕೊಕ್ಕೆ, ಎಳೆದಷ್ಟೂ ಆಳಕ್ಕಿಳಿಯುತ್ತವೆ. ಚರ್ಮ ಉದ್ದಕ್ಕೆ ಸೀಳಿ ರಕ್ತ ಚಿಮ್ಮಿತು.

"ಎಳೀಬೇಡ! ಅದರ ಬಾಯೊಳಕ್ಕೆ ತಳ್ಳು!" ಮೀರಾವಿ ಕೂಗಿದಳು.

"ನನ್ನ ಕೊಲ್ಲಕ್ಕೆ ಬಂದಿದೀಯಾ, ಹಾಳು ಮುಂಡೆ!" ಎಂದು ಅವಳ ಹೊಟ್ಟೆಗೆ ಒದ್ದ.

ಅವಳು ಕೆಸರಿನಿಂದೆದ್ದು ಅವನ ಎದೆಯ ಮೇಲೆ ಮಂಡಿ ಊರಿದಳು. "ಎವೋವಾ, ಬಾಲದಿಂದ ಬಿಚ್ಚು. ನೀನೂ ಹಿಡ್ಕೊಳೇ!" ಎಂದು ನನಗೂ ಗದರಿದಳು. ನಾವಿಬ್ಬರೂ ಬಾಲ ಹಿಡಿದು ಸುತ್ತು ಬಿಡಿಸುತ್ತಿದ್ದಂತೆ, ಮೀರಾವಿ ಹಾವಿನ ತಲೆ ಅದುಮಿ ಹಿಡಿದು ಅವನ ಕೈಯನ್ನು ಒಳಕ್ಕೆ ನೂಕಿದಳು. ಕೊಕ್ಕೆಗಳು ಸಡಿಲವಾದವು. ದವಡೆ ಮೇಲೆತ್ತಿ ಕೈ ಬಿಡಿಸಿ, ಕತ್ತಿಯ ಒಂದೇ ಏಟಿಗೆ ಹಾವಿನ ತಲೆ ಹಾರಿಸಿದಳು.

ಮುರಿದ ಹಲ್ಲುಗಳು ಮಾಂಸದಲ್ಲೇ ಉಳಿದಿದ್ದವು. ಸಾಗೋ ಮರದ ಮುಳ್ಳಿನಿಂದ ಬಗೆದು ಒಂದೊಂದೇ ತೆಗೆದಳು. ಸೆಮೆಸೆ ಅರಚಿ ಅರಚಿ ವಾಂತಿ ಮಾಡಿಕೊಂಡ. ಆರು ಹಲ್ಲು ತೆಗೆದವಳು ಮುಳ್ಳು ಎಸೆದು, "ಸಾಕು" ಎಂದಳು. ಹಾವನ್ನು ತುಂಡು ಮಾಡಿ, ಸುಡಲು ಎಲೆಯಲ್ಲಿ ಸುತ್ತಿ, ತಂಗಿಯನ್ನು ದೋಣಿಗೆ ಹತ್ತಿಸಿಕೊಂಡು ತನ್ನ ಮನೆಗೆ ಹೋದಳು.

ಅಲ್ಲಿಂದ ನಾಲ್ಕನೇ ದಿನ ಸೆಮೆಸೆ ಮೀರಾವಿಯ ಮನೆಗೆ ಬಂದ. ಕೈ ಕುಂಬಳದಂತೆ ಊದಿ ಕೀವು ಸುರಿಯುತ್ತಿತ್ತು.

"ಅತ್ತಿಗೆ, ಒಳಗಿನ್ನೂ ಏನೋ ಚುಚ್ತಿದೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಎರಡಿವೆ. ಎವೋವಾ ಎಲ್ಲಿರ್ತಾಳೆ, ಹೇಳು."

ಅವನು ಅಳತೊಡಗಿದ. "ಇಲ್ಲೇ ಇರ್ಲಿ. ಕರೆಯಲ್ಲ. ತೆಗೀರಿ!"

ತೆಗೆದಳು. ಕೈ ಉಳಿಯಿತು; ಎರಡು ಬೆರಳು ಮಾತ್ರ ಮತ್ತೆ ಮಡಚಲು ಬರಲೇ ಇಲ್ಲ. ಅವನು ಆಮೇಲೆ ಮೀರಾವಿಯ ಮನೆಯ ಏಣಿ ಹತ್ತಲಿಲ್ಲ.

ಎಷ್ಟೋ ವರ್ಷದ ಮೇಲೆ ನಾನು ಕೇಳಿದೆ: "ಆ ಎರಡು ಹಲ್ಲನ್ನ ಬೇಕಂತಲೇ ಬಿಟ್ಟಿದ್ಯಾ?"

"ಕಣ್ಣಿಗೆ ಕಾಣ್ಲಿಲ್ಲ ಅಂತ ಸುಳ್ಳು ಹೇಳ್ಲಾ? ಚೆನ್ನಾಗೇ ಕಾಣ್ತಿತ್ತು," ಎಂದು ಮೀರಾವಿ ಕುಟ್ಟುವುದನ್ನು ಮುಂದುವರಿಸಿದಳು. ಪಕ್ಕದಲ್ಲಿ ತಿರುಳು ತೊಳೆದು ಹಿಟ್ಟು ಇಳಿಸುತ್ತಿದ್ದ ಎವೋವಾ ಇನ್ನೊಂದು ಬೊಗಸೆ ನೀರು ಸುರಿದಳು.