ಇವತ್ತಿನ ಮಟ್ಟಿಗೆ, ಸಿಪ್ರಿಯಾನುಸ್

ಪೆತ್ರೊನೆಲಾಳ ಹೆಸರನ್ನು ನಾನು ಮೊದಲು ಕೇಳಿದ್ದು ಸಂತೆಯಲ್ಲಿ, ಮೆಕ್ಕೆಜೋಳದ ಗುಡ್ಡೆಯ ಹಿಂದೆ ಕೂತಿದ್ದಾಗ. ನಾನು ಬೆಟ್ಟದ ಮೇಲಿನ ಊರಿನವಳು. ನಮ್ಮದು ಜೋಳ, ಬಾಳೆ. ಕಡಲಿನವರದು ಒಣಮೀನು, ಉಪ್ಪು. ದುಡ್ಡಿನ ಮಾತಿಲ್ಲ, ಅದಕ್ಕೆ ಇದು, ಇದಕ್ಕೆ ಅದು. ಆ ದಿನ ಕಡಲಿನ ಹೆಂಗಸರ ಬುಟ್ಟಿಯಲ್ಲಿ ಉಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ.

"ಮೀನೆಲ್ಲೇ?" ಅಂದಳು ನಮ್ಮವ್ವ.

"ಪೆತ್ರೊನೆಲಾನ ಕೇಳು," ಅಂದಳು ಅವರಲ್ಲೊಬ್ಬಳು. "ನೀವು ಹಗ್ಗದಲ್ಲಿ ಮೇಕೆ ಕಟ್ತೀರಿ. ಅವಳು ಬರೀ ಬಾಯಲ್ಲೇ ದೋಣಿ ಕಟ್ಟಿಹಾಕ್ತಾಳೆ. ನಿನ್ನ ಮಗಳನ್ನ ನಮ್ಮೂರಿಗೆ ಕೊಡ್ತೀಯಂತಲ್ಲ? ಈಗಿಂದ್ಲೇ ಉಪವಾಸ ಕಲಿಸು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಮದುವೆಯಾಗಲಿದ್ದ ಲಾಂಬೆರ್ತುಸ್ ಅದೇ ದೋಣಿಯಲ್ಲಿ ಹುಟ್ಟು ಹಾಕುವವನು.

ನಡೆದದ್ದೇನೆಂದು ಮದುವೆಯಾಗಿ ಬಂದ ಮೇಲೆ ತಿಳಿಯಿತು. ಪೆತ್ರೊನೆಲಾಳನ್ನು ಎಲ್ಲರೂ ಇನಾ ಎನ್ನುತ್ತಿದ್ದರು, ಅಂದರೆ ಅವ್ವ. ಆಕೆಯ ಹಿರಿಮಗ ಕ್ಲೆಮೆನ್ಸ್ ಆ ದೋಣಿಯ ಈಟಿಗಾರ. ಒಂದು ದಿನ ಈಟಿಯೊಂದಿಗೆ ತಿಮಿಂಗಿಲದ ಬೆನ್ನಿಗೆ ಹಾರಿದಾಗ ಈಟಿಯ ಹಗ್ಗ ಅವನ ಕಾಲಿಗೆ ಸುತ್ತಿಕೊಂಡಿತು. ಚುಕ್ಕಾಣಿ ಹಿಡಿದಿದ್ದ ಸಿಪ್ರಿಯಾನುಸ್ "ಹಗ್ಗ ಕಡೀರಿ" ಅನ್ನಬೇಕಾಗಿತ್ತು. ಊರು ಹಸಿದಿತ್ತು, ಅದು ಆ ವರ್ಷದ ಮೊದಲ ತಿಮಿಂಗಿಲ. "ಒಂಚೂರು ತಡೀರಿ" ಅಂದ. ಆ ಒಂಚೂರಿನಲ್ಲಿ ಹುಡುಗ ಮುಳುಗಿದ. ಕಡಲು ವಾಪಸು ಕೊಡದವರಿಗೆ ನಮ್ಮಲ್ಲಿ ಪೆಟ್ಟಿಗೆಯಲ್ಲಿ ಶಂಖವಿಟ್ಟು ಮಣ್ಣು ಮಾಡುತ್ತಾರೆ. ಇನಾ ಮಣ್ಣು ಹಾಕಿದ್ದು ಶಂಖದ ಮೇಲೆ.

ದೋಣಿಯಲ್ಲಿರುವ ಯಾರ ಮೇಲಾದರೂ ಯಾರಿಗಾದರೂ ಮುನಿಸಿದ್ದರೆ ಆ ದೋಣಿಯನ್ನು ನೀರಿಗೆ ತಳ್ಳಬಾರದು ಎಂಬುದು ಹಳೆಯ ಕಟ್ಟಳೆ. ಮುನಿಸು ಹೊತ್ತ ದೋಣಿಗೆ ತಿಮಿಂಗಿಲ ಬೆನ್ನು ಕೊಡುವುದಿಲ್ಲ, ಬಾಲ ಬೀಸುತ್ತದೆ. ಒಂದೇ ಏಟಿಗೆ ಹಲಗೆ ಹಲಗೆ ಬೇರೆ. ಒಂದು ದೋಣಿ ಕಮ್ಮಿಯಾದರೂ ದೊಡ್ಡ ತಿಮಿಂಗಿಲವನ್ನು ಹಿಡಿಯಲಾಗದು. ಹಾಗಾಗಿ ಸಿಪ್ರಿಯಾನುಸ್ ಮರಳಿನ ಮೇಲೆ ಎಲ್ಲರೆದುರು ಮಂಡಿಯೂರಿ ಕ್ಷಮೆ ಕೇಳಿದ.

"ಇವತ್ತಿನ ಮಟ್ಟಿಗೆ, ಸಿಪ್ರಿಯಾನುಸ್," ಅಂದಳಂತೆ ಇನಾ.

ದೋಣಿಮನೆಯ ಹಿರಿಯನಿಗೆ ಸಿಟ್ಟು ಬಂತು. "ಇವತ್ತಿನ ಮಟ್ಟಿಗೆ ಅಂದ್ರೇನು? ನಾಳೆ?"

"ನಾಳೆದು ನನ್ನ ಹತ್ರ ಇಲ್ಲ. ಸಿಕ್ಕಿದ್ರೆ ತರ್ತೀನಿ."

"ಕ್ಷಮೆ ಅಂದ್ರೆ ಕೆಂಡ ಅಂದ್ಕೊಂಡ್ಯಾ, ದಿನಾ ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ ತರೋಕೆ?"

"ಹಾಗೇನೇ. ನನ್ನ ಒಲೇಲಿ ಬರೀ ಬೂದಿ. ಕೆಂಡ ಇರೋದು ದೇವರ ಮನೇಲಿ. ದಿನಾ ಹೋಗಿ ತರ್ಬೇಕು."

"ಭಾನುವಾರ ಏನ್ಮಾಡ್ತೀಯ, ಇನಾ?" ಎಂದು ಯಾರೋ ಹಂಗಿಸಿದರು.

"ಭಾನುವಾರ ದೋಣಿ ಹೋಗಲ್ಲವಲ್ಲ. ಮರುಭೂಮೀಲಿ ಹಸಿದವರಿಗೆ ಆಕಾಶದಿಂದ ದಿನದಿನದ ಅನ್ನ, ಆ ಮನ್ನಾ, ಬೀಳ್ತಿದ್ದಾಗ ವಿಶ್ರಾಂತಿಯ ಹಿಂದಿನ ದಿನ ಎರಡು ದಿನದ್ದು ಬೀಳ್ತಿತ್ತು ಅಂತ ಉಪದೇಶಿ ಓದ್ಲಿಲ್ವಾ? ಶನಿವಾರ ನನಗೂ ಎರಡು ದಿನದ್ದು ಸಿಗುತ್ತೆ."

ಹೀಗೆ ಕೆಲವು ಬೆಳಿಗ್ಗೆ ಆಕೆ ತಂದಳು, ಕೆಲವು ಬೆಳಿಗ್ಗೆ "ಸಿಗಲಿಲ್ಲ" ಅಂದಳು. ಸಿಗದ ದಿನ ದೋಣಿ ಮರಳಿನಲ್ಲೇ ನಿಂತಿತು. ಸಂತೆಯ ಆ ಮಾತು ಹುಟ್ಟಿದ್ದು ಹಾಗೆ.

ನಾನು ಬಂದ ವರ್ಷ ಮೀನಿನ ಕಾಲವೆಲ್ಲ ಬರಿದಾಗಿ ಹೋಯಿತು. ಮೀನು ಒಣಹಾಕುವ ಗಳಗಳ ಮೇಲೆ ನೊಣವೂ ಕೂರುತ್ತಿರಲಿಲ್ಲ. ಮಕ್ಕಳಿಗೆ ನುಗ್ಗೆಸೊಪ್ಪಿನ ನೀರು ಕುಡಿಸುತ್ತಿದ್ದೆವು. ಅಂಥ ಒಂದು ಬೆಳಿಗ್ಗೆ ದಿಬ್ಬದ ಮೇಲಿಂದ ಕೂಗು ಬಂತು, "ಬಲೆಯೋ! ಬಲೆಯೋ!" ತಿಮಿಂಗಿಲ ಕಂಡ ಕೂಗು ಅದು. ಬಾಯಿಂದ ಬಾಯಿಗೆ ಹಾರಿ ಊರೆಲ್ಲ ಮರಳಿಗಿಳಿಯಿತು. ಮಿಕ್ಕ ದೋಣಿಗಳು ನೀರು ಮುಟ್ಟಿದವು. ನಮ್ಮದು ನಿಂತಿತ್ತು.

ಅದರ ಮೂತಿಯ ಮೇಲೆ ಈಟಿ ಹಿಡಿದು ನಿಂತಿದ್ದವನು ಫಿದೆಲಿಸ್, ಇನಾಗೆ ಉಳಿದ ಒಬ್ಬನೇ ಮಗ. ಅಣ್ಣನ ಜಾಗದಲ್ಲಿ ಅವನು ನಿಂತದ್ದು ಅದೇ ಮೊದಲು. ಹಿಂದೆ ಚುಕ್ಕಾಣಿಯಲ್ಲಿ ಅದೇ ಸಿಪ್ರಿಯಾನುಸ್.

ಇನಾ ಬಂದಳು. ಮಗನನ್ನು ನೋಡಿದಳು, ಸಿಪ್ರಿಯಾನುಸ್‌ನನ್ನು ನೋಡಿದಳು. ತಿರುಗಿ ಕಡಲದಂಡೆಯ ಪುಟ್ಟ ಪ್ರಾರ್ಥನಾ ಮಂದಿರದೊಳಗೆ ಹೋಗಿಬಿಟ್ಟಳು.

"ಎಳ್ಕೊಂಡು ಬನ್ನಿ ಅವಳನ್ನ!" ಎಂದು ಹಿರಿಯ ಅರಚಿದ. ಹೆಂಗಸರು ನನ್ನನ್ನು ದೂಡಿದರು. "ನೀನು ಹೊಸಬಳು, ನಿನ್ನ ಮೇಲೆ ರೇಗಲ್ಲ. ಹೋಗೇ."

ಒಳಗೆ ಆಕೆ ಬರಿನೆಲದ ಮೇಲೆ ಮಂಡಿಯೂರಿದ್ದಳು.

"ಇನಾ, ತಿಮಿಂಗಿಲ ದಾಟಿ ಹೋಗುತ್ತೆ," ಅಂದೆ.

"ಹೋಗ್ಲಿ."

"ಊರು ಹಸಿದಿದೆ, ಇನಾ."

"ಅವತ್ತೂ ಹಸಿದಿತ್ತು."

ನಾನು ದನಿ ತಗ್ಗಿಸಿದೆ. "ಬರೀ ಬಾಯಿಮಾತಿಗೆ ಅಂದುಬಿಡಿ. ಮನಸ್ಸು ಯಾರು ಬಗೆದು ನೋಡ್ತಾರೆ?"

ಆಕೆ ಕತ್ತೆತ್ತಿದಳು. "ಸುಳ್ಳು ಹೇಳಿ ನನ್ನ ಮಗನ್ನ ಆ ದೋಣಿ ಹತ್ತಿಸ್ಲಾ? ನೋಡೋನು ಇಲ್ಲೇ ಇದ್ದಾನಲ್ಲೇ."

ಆಮೇಲೆ ಶಿಲುಬೆಯ ಕಡೆ ತಿರುಗಿ, ಬೇಲಿಯಾಚೆಯ ನೆರೆಯವರೊಂದಿಗೆ ಆಡುವ ದನಿಯಲ್ಲೇ ಅಂದಳು: "ನನ್ನ ಹತ್ರ ಇಲ್ಲ. ತಡಕಾಡಿ ನೋಡ್ದೆ, ಚಿಟಿಕೆಯಷ್ಟೂ ಇಲ್ಲ. ನಿನ್ನ ಮಗನ್ನೂ ಕೊಂದ್ರು, ನೀನು ಕ್ಷಮಿಸಿದೆ. ನಿನ್ನ ಹತ್ರ ಇದೆ. ಕೊಡು."

ಹೊರಗೆ ಗಂಡಸರು ದೋಣಿಯ ಹಲಗೆ ಗುದ್ದುತ್ತಿದ್ದರು. ನನ್ನ ಲಾಂಬೆರ್ತುಸ್‌ನ ದನಿಯೂ ಅದರಲ್ಲಿ ಕೇಳಿಸಿತು. ಆಕೆ ಅಲುಗಲಿಲ್ಲ. ಬೆವರು ಮೂಗಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತಿನ ಮೇಲೆ ನನ್ನ ಭುಜ ಹಿಡಿದು ಎದ್ದಳು.

"ಸಿಕ್ತಾ, ಇನಾ?"

"ಗೊತ್ತಿಲ್ಲ. ನಡೀತೀನಿ. ಅಲ್ಲಿಗೆ ಮುಟ್ಟೋದ್ರೊಳಗೆ ಕೊಡ್ತಾನೇನೋ."

ತೆಂಗಿನ ಚಿಪ್ಪಿನಲ್ಲಿ ತೀರ್ಥ ತೆಗೆದುಕೊಂಡು ಬಿಸಿಲಿಗಿಳಿದಳು. ಊರು ಎರಡು ಪಾಲಾಗಿ ದಾರಿ ಬಿಟ್ಟಿತು. ನಡುದಾರಿಯಲ್ಲಿ ಒಮ್ಮೆ ನಿಂತಳು. ಮತ್ತೆ ನಡೆದಳು. ಸಿಪ್ರಿಯಾನುಸ್ ದೋಣಿಯಿಂದಿಳಿದು ತಲೆ ತಗ್ಗಿಸಿದ್ದ. ಆಕೆ ಕೈ ಎತ್ತಿದಾಗ ಹೊಡೆದೇಬಿಡುತ್ತಾಳೆ ಅಂದುಕೊಂಡೆ. ಅವನೂ ಹಾಗೇ ಅಂದುಕೊಂಡನೇನೋ, ಕಣ್ಣು ಮುಚ್ಚಿದ. ಒದ್ದೆ ಬೆರಳು ಅವನ ಹಣೆಯ ಮೇಲೆ ಶಿಲುಬೆ ಬರೆಯಿತು.

"ಇವತ್ತಿನ ಮಟ್ಟಿಗೆ, ಸಿಪ್ರಿಯಾನುಸ್."

ದೋಣಿ ನೀರಿಗೆ ಬಿತ್ತು.

ಗಂಡಸರು ಕಡಲಲ್ಲಿರುವಾಗ ದಡದ ಹೆಂಗಸರು ಜಗಳವಾಡಬಾರದು. ಹಾಗಾಗಿ ಆಕೆಯನ್ನು ಶಪಿಸಬೇಕೆಂದಿದ್ದವರೂ ತುಟಿ ಕಚ್ಚಿಕೊಂಡು ಕೂತರು. ಮಧ್ಯಾಹ್ನ ಕಳೆದು ಒಂದೊಂದೇ ದೋಣಿ ಬರಿಗೈಲಿ ಮರಳಿತು. "ನಿಮ್ಮ ದೋಣೀನ ತಿಮಿಂಗಿಲ ಎಳ್ಕೊಂಡು ಹೋಯ್ತು, ನಮಗೆ ಹಿಂದೆ ಹೋಗೋಕಾಗ್ಲಿಲ್ಲ," ಅಂದರು. ನಾನು ಅಳತೊಡಗಿದೆ. ಇನಾ ಜಪಸರದ ಒಂದು ತುದಿಯನ್ನು ನನ್ನ ಕೈಗಿತ್ತಳು. "ಹಿಡ್ಕೋ. ಬಾಯಿಗೆ ಬರದಿದ್ರೆ ಬಿಡು, ಸುಮ್ನೆ ಹಿಡ್ಕೊಂಡಿರು."

ಸೂರ್ಯ ಮುಳುಗುವಾಗ ಹಾಯಿ ಕಂಡಿತು. ದೋಣಿಯ ಹಿಂದೆ ತಿಮಿಂಗಿಲ ಇರಲಿಲ್ಲ. ಮೂತಿಯಿಂದ ತುಂಡು ಹಗ್ಗ ನೇತಾಡುತ್ತಿತ್ತು. ಇನಾ ಸೊಂಟದವರೆಗೆ ನೀರಿಗಿಳಿದಳು. ಫಿದೆಲಿಸ್ ಇದ್ದ. ಮುಂಗೈಯ ಚರ್ಮ ಸುಲಿದಿತ್ತು, ಅಷ್ಟೇ.

ಲಾಂಬೆರ್ತುಸ್ ಹೇಳಿದ, "ಈಟಿ ಆಳಕ್ಕೆ ನಾಟಿತ್ತು ಕಣೇ. ತಿಮಿಂಗಿಲ ಅರ್ಧ ದಿನ ನಮ್ಮನ್ನ ಎಳೆದಾಡಿತು. ಇನ್ನೇನು ಸುಸ್ತಾಯ್ತು ಅನ್ನುವಾಗ ಮುಳುಗೋಕೆ ಹೋಯ್ತು, ಹಗ್ಗ ಫಿದೆಲಿಸ್ ಕೈಗೆ ಸುತ್ಕೊಂಡ್ತು. ಸಿಪ್ರಿಯಾನುಸ್ ಯಾರನ್ನೂ ಕೇಳ್ಲಿಲ್ಲ. ಚುಕ್ಕಾಣಿ ಬಿಟ್ಟು ನಮ್ಮ ತಲೆ ಮೇಲೇ ತುಳ್ಕೊಂಡು ಬಂದು ಕಡಿದ."

"ಊರಿನ ಅನ್ನಾನೇ ಕಡಿದ್ಯಲ್ಲೋ!" ಎಂದು ಹಿರಿಯ ಬೈದ.

"ಹೌದು, ಕಡಿದೆ," ಅಂದ ಸಿಪ್ರಿಯಾನುಸ್. ಇನಾ ಅವನನ್ನು ನೋಡಿದಳು.

ಇನ್ನು ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮಾರನೆಯ ಬೆಳಿಗ್ಗೆ ನೋಡಿದರೆ ಆಕೆ ಮತ್ತೆ ಮಂದಿರದಲ್ಲಿ.

"ಇನ್ನೇನು ಬಾಕಿ, ಇನಾ? ಫಿದೆಲಿಸ್‌ನ ಉಳಿಸಿದನಲ್ಲ."

"ಫಿದೆಲಿಸ್ ಬಂದ. ಕ್ಲೆಮೆನ್ಸ್ ಬಂದನಾ? ಬೆಳಿಗ್ಗೆ ಕಣ್ಣು ಬಿಟ್ಟಾಗ ಮೊದಲು ಬರೋನು ಅವನೇ. ನಿನ್ನೆ ತಂದ ಕೆಂಡ ಅಷ್ಟೊತ್ತಿಗೆ ಆರಿರುತ್ತೆ."

ಆಮೇಲೆ ಆಕೆ ತಡಮಾಡಿದ ದಿನಗಳುಂಟು, ಬರಿಗೈಲಿ ಬಂದ ದಿನವಿಲ್ಲ. ಕಣ್ಣಿಗೆ ಪೊರೆ ಬಂದು ಸಿಪ್ರಿಯಾನುಸ್ ದೋಣಿ ಬಿಟ್ಟ ಮೇಲೆ ಕಟ್ಟಳೆಯ ಕಾಟವೂ ಇರಲಿಲ್ಲ. ಆದರೂ ಕೋಲೂರಿಕೊಂಡು ಅವನ ಬಾಗಿಲಿಗೆ ಹೋಗುವಳು.

"ಇವತ್ತು ತಡ ಆಯ್ತಲ್ಲ, ಇನಾ. ಅಂಗಡಿ ಮುಚ್ಚಿತ್ತಾ?" ಎನ್ನುವನು ಅವನು.

"ಗಿರಾಕಿ ಜಾಸ್ತಿ ಇದ್ರಪ್ಪ," ಎನ್ನುವಳು.

ಆಕೆ ಹಾಸಿಗೆ ಹಿಡಿದಾಗ ಲಾಂಬೆರ್ತುಸ್ ತೀರಿಹೋಗಿದ್ದ, ನಾನು ಒಂಟಿ. ಗಂಜಿ ಕುಡಿಸಲು ಹೋಗುತ್ತಿದ್ದೆ, ಆಕೆಯ ಆ ದಿನದ ಮಾತನ್ನು ಸಿಪ್ರಿಯಾನುಸ್‌ಗೆ ನಾನೇ ಒಯ್ಯುತ್ತಿದ್ದೆ. ಒಂದು ಬೆಳಿಗ್ಗೆ ಗಂಜಿ ಬೇಡವೆಂದು ತಲೆಯಾಡಿಸಿ, ನನ್ನ ಮಣಿಕಟ್ಟು ಹಿಡಿದಳು.

"ಇವತ್ತು ಎರಡು ದಿನದ್ದು ಸಿಕ್ಕಿದೆ. ಎರಡನ್ನೂ ಅವನಿಗೆ ಕೊಟ್ಟು ಬಾ."

"ಇವತ್ತು ಬುಧವಾರ, ಇನಾ. ಶನಿವಾರ ಅಲ್ಲ."

"ಗೊತ್ತು," ಅಂದಳು. "ಬಿಸಿಲೇರೋ ಮುಂಚೆ ಹೋಗಿ ಕೊಟ್ಟು ಬಾ, ಮಗಳೇ."