ಮುನಿಬ್ ಮೇಷ್ಟ್ರ ಎರಡನೆಯ ಬಟ್ಟಲು

ಸರಾಯೆವೊದ ನಮ್ಮ ಶಾಲೆಯಲ್ಲಿ ಮುನಿಬ್ ಮೇಷ್ಟ್ರು ಯುದ್ಧದ ಪಾಠಕ್ಕೆ ಪುಸ್ತಕ ತೆರೆದದ್ದನ್ನು ಕಂಡವರಿಲ್ಲ. ತೊಂಬತ್ತರ ದಶಕದಲ್ಲಿ ವರ್ಷಗಟ್ಟಲೆ ಶತ್ರುಗಳ ಮುತ್ತಿಗೆಗೆ ಸಿಕ್ಕಿದ್ದ ನಮ್ಮೂರನ್ನೇ ರಟ್ಟಿನ ಮೇಲೆ ಬರೆದು, ದಾಳ ಉರುಳಿಸಿ, ಮಕ್ಕಳಿಂದ ಮನೆಮನೆಗೆ ನೀರು ಹೊರಿಸುವ ಆಟ ಆಡಿಸುತ್ತಾರೆ. ನಡುವೆ ಗಂಟೆ ಹೊಡೆದರೆ ಗಂಟೆಯನ್ನೇ ಗದರುತ್ತಾರೆ. ಹತ್ತು ಕ್ಯಾನು ನೀರು ಉಳಿಸಿದ ಜಾಣೆಯನ್ನೂ ಸೋಲಿಸಿಬಿಡುತ್ತಾರೆ: "ಪಕ್ಕದ ಮನೆಯವರನ್ನ ಕಾಫಿಗೆ ಕರೆದ್ಯಾ? ಇಲ್ವಾ? ಹಾಗಾದ್ರೆ ನೀನು ಬದುಕಿದ್ದೂ ದಂಡ, ಕೂತ್ಕೋ." ತಾವು ಆಡುವಾಗಲೋ, ಇರುವ ಒಂದೇ ಕ್ಯಾನು ನೀರಿನಲ್ಲಿ ಎರಡು ಬಟ್ಟಲು ಕಾಫಿ ಕಾಸಿ, ಪ್ರತಿ ಸಲವೂ ಸೋತು, ಗೆದ್ದವರಂತೆ ಮೀಸೆ ತಿರುವುತ್ತಾರೆ. ಮೊನ್ನೆ ಅಮ್ರಾ ಎಂಬ ಹುಡುಗಿ ಕೇಳಿಯೇಬಿಟ್ಟಳು: "ರಟ್ಟಿನ ಮೇಲೆ ನಿಮ್ಮ ಪಕ್ಕದ ಮನೆ ಖಾಲೀನೇ ಇದೆಯಲ್ಲ ಸರ್, ಆ ಎರಡನೇ ಕಾಫಿ ಯಾರಿಗೆ?" ಮೇಷ್ಟ್ರು ರಟ್ಟಿನ ಮೇಲೆ ಎರಡನೆಯ ಬಟ್ಟಲೆಂದು ಇಟ್ಟಿದ್ದ ಬಿಲ್ಲೆಯನ್ನು ನೇರ ಮಾಡಿದರು. "ನಮ್ಮ ಪಕ್ಕದ ಮನೆ ಹಸ್ನಿಯಾ ಅತ್ತೆಗೆ. ಮುತ್ತಿಗೆ ಕಾಲದಲ್ಲಿ ನೀರು ತರೋಕೆ ಹೋದವರು ಇನ್ನೂ ಬಂದಿಲ್ಲ. ಅವತ್ತು ಹೋಗಬೇಕಾದ ಸರದಿ ನನ್ನದಿತ್ತು."