ದಾಟಿದೆ ಅಂದವಳ ಹೆಬ್ಬೆಟ್ಟು

ಅಂದು ನಮ್ಮ ಎಸ್ಟೇಟಿನ ಆಫೀಸಿನ ಜಗಲಿಯಲ್ಲಿ ನಾಲ್ಕು ಜನ ಇದ್ದೆವು. ಕುರ್ಚಿಯಲ್ಲಿ ಪಕ್ಕದ ಏಲಕ್ಕಿ ತೋಟದ ಹೊಸ ಮಾಲೀಕರು. ಹೊರರಾಜ್ಯದವರು, ‘ನೀರು’, ‘ಬೇಗ’ ಬಿಟ್ಟರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅವರ ಹಿಂದೆ ಅವರ ಮೇಸ್ತ್ರಿ. ಕಂಬಕ್ಕೊರಗಿ ನಮ್ಮ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಅಜ್ಜಿ, ಕಾಫಿ ಕುಯ್ಯುವುದರಲ್ಲಿ ಎತ್ತಿದ ಕೈ. ಮೇಜಿನ ಮುಂದೆ ಎಸ್ಟೇಟಿನ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದ ನಾನು. ತೊಂಬತ್ತರ ದಶಕದ ಮಾತು. ಬಿ.ಎ. ಮುಗಿಸಿ ವನಗೂರಿನ ಆ ಗುಡ್ಡ ಹತ್ತಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮ್ಯಾನೇಜರು ಏನೋ ಕೆಲಸಕ್ಕೆ ಸಕಲೇಶಪುರಕ್ಕೆ ಹೋಗಿದ್ದರು. ಅವರಿದ್ದಿದ್ದರೆ ನಾನಿದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಪಕ್ಕದ ತೋಟದಲ್ಲಿ ಏಲಕ್ಕಿ ಕಳುವಾಗಿತ್ತು. ಕದ್ದವರು ಯಾರೆಂದು ಗೊತ್ತಿಲ್ಲ. ಆದರೆ ಅಜ್ಜಿ ದಿನಾ ಬೆಳಿಗ್ಗೆ ಬೇಲಿಯ ಆ ಕಡೆ ಹೋಗಿಬರುವುದನ್ನು ಯಾರೋ ಮಾಲೀಕರ ಕಿವಿಗೆ ಹಾಕಿದ್ದರು. ಆಕೆಯ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದು, ಹೆಬ್ಬೆಟ್ಟು ಒತ್ತಿಸಿ ಕೊಡಬೇಕು ಎಂದು ಮಾಲೀಕರು ನನಗೆ ಹೇಳಿದರು.

ಅಜ್ಜಿ ಹೋಗುತ್ತಿದ್ದದ್ದು ಮಗಳ ಬಾಣಂತನಕ್ಕೆ. ಮಗಳು, ಅಳಿಯ ಆ ತೋಟದ ಲೈನಿನಲ್ಲಿದ್ದರು. ತವರಿಗೆ ಕರೆತರೋಣವೆಂದರೆ ಅಜ್ಜಿಯದು ಅಡುಗೆಗೂ ಮಲಗುವುದಕ್ಕೂ ಒಂದೇ ಕೋಣೆ. ಹಾಗಾಗಿ ತಾನೇ ಹೋಗಿ ಕೂಸಿಗೆ ನೀರೆರೆದು, ಕೈಕಾಲು ನೀವಿ, ಹೊಗೆ ಕೊಟ್ಟು, ನಮ್ಮ ಹಾಜರಿಯ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದಳು.

“ಬೇಲಿ ದಾಟಿದ್ಯೇನಜ್ಜಿ?” ಎಂದು ಕೇಳಿದೆ.

“ಹೂಂ ಕಣ್ರೀ ರೈಟ್ರೇ, ದಾಟಿದೆ. ಮರದಿಂದ ಮರಕ್ಕೆ ಹಾರ್ಕಂಡು ಹೋಗಕ್ಕೆ ನಾನೇನು ಮಂಗನಾ?”

ಮೇಸ್ತ್ರಿ ಕಿಸಕ್ಕೆಂದ. “ಈ ಮೊಣಕಾಲಿಟ್ಕಂಡು ಮಂಗ ಅಂದ್ರೆ ಮಂಗನಿಗೇ ಬೇಜಾರಾಯ್ತದೆ ಕಣಜ್ಜಿ.”

“ನೀನು ಸುಮ್ಕಿರ್ಲಾ. ನಿನ್ ಹೆಂಡ್ರಿಗೆ ನೀರೆರೆದಾಗ ಈ ಮೊಣಕಾಲೇ ಬೇಕಾಗಿತ್ತು!” ಎಂದು ಅವನ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದಳು. “ಉಣುಗೋಲು ಐತಲ್ಲ, ಗಳ ಸರಿಸಿದೆ, ಆ ಕಡೆ ಹೋದೆ, ತಿರುಗಿ ಗಳ ಹಾಕಿದೆ. ದನ ನುಗ್ಬುಟ್ರೆ ಅವ್ರ ತೋಟ ತಾನೇ ಹಾಳಾಗೋದು? ಅದ್ನೂ ಬರೀರಿ.”

ಬೇಲಿಯ ನಡುವೆ ಎರಡು ಕಂಬ ನೆಟ್ಟು, ಅವುಗಳ ತೂತಿಗೆ ಅಡ್ಡಲಾಗಿ ಬಿದಿರ ಗಳ ತೂರಿಸಿದ ಬಾಗಿಲೇ ಉಣುಗೋಲು. ಜನ ಹಾಯ್ದು ಹೋಗಲೆಂದೇ ಅದನ್ನಿಡುವುದು. ಸರಿಸಿದವರು ಮತ್ತೆ ಹಾಕಬೇಕು, ಕಟ್ಟಳೆ ಅಷ್ಟೇ. ನಮ್ಮ ಗುಡ್ಡಗಳಲ್ಲಿ ಅದಕ್ಕಿಂತ ದೊಡ್ಡ ಅಪ್ಪಣೆ ಚೀಟಿ ಯಾರೂ ಕೇಳಿದ್ದಿಲ್ಲ.

ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವಂತಿಲ್ಲ. ಆಲೂರು ಕಡೆಯ ನಮ್ಮೂರಿನಲ್ಲಿ ತಾತನ ಪಕ್ಕ ಕೂತು ಮಾತು ಕಲಿತವನು ನಾನು. “ಹೊಳೆ ದಾಟ್ತಾರೆ ಕಣೋ, ಹಿರಿಯರ ಮಾತು ಮೀರ್ತಾರೆ, ನುಗ್ಗೋದು ದನ. ಕಲಸಬ್ಯಾಡ ಮಾರಾಯ,” ಎಂದು ಅವರು ತಿದ್ದುತ್ತಿದ್ದರು.

‘ಕ್ರಾಸ್’ ಎಂದು ಬರೆದಿದ್ದರೆ ಸಾಕಿತ್ತು. ಆದರೆ ಇಂಗ್ಲಿಷ್ ಬಲ್ಲ ಆ ಮಾಲೀಕರೆದುರು ಅದು ಪ್ರೈಮರಿ ಶಾಲೆಯ ಪದದಂತೆ ಕಂಡಿತು. ‘ಟ್ರೆಸ್‌ಪಾಸ್’ ಎಂದು ಬರೆದೆ. ಅಪ್ಪಣೆಯಿಲ್ಲದೆ ಇನ್ನೊಬ್ಬರ ನೆಲಕ್ಕೆ ನುಗ್ಗುವುದು ಎಂದು ಅದರರ್ಥ, ಅದೂ ಗೊತ್ತಿತ್ತು. ಇನ್ನು ಉಣುಗೋಲಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಹೊಳೆಯಲಿಲ್ಲ. ಹೊಳೆಯುತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ ಆ ಮಾತನ್ನೇ ಬಿಟ್ಟುಬಿಟ್ಟೆ.

ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತ ಅಜ್ಜಿ ಕೇಳಿದಳು: “ಗಳ ತಿರುಗಿ ಹಾಕಿದ್ದು ಬರೆದ್ರಾ?”

“ನೀನು ಹೇಳಿದ್ದೆಲ್ಲ ಬರ್ದಿದೀನಿ, ಒತ್ತಜ್ಜಿ,” ಎಂದೆ.

ಒತ್ತಿದಳು. ಮಾಲೀಕರು ಓದಿ, ನಿನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಬೆನ್ನು ತಟ್ಟಿದರು. ಆ ದಿನವೆಲ್ಲ ನಾನು ಉಬ್ಬಿಕೊಂಡೇ ಓಡಾಡಿದೆ. ಇವತ್ತಿಗೂ ನನ್ನ ಮುಖ ಬಿಸಿಯಾಗುವುದು ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ ಆ ಸಂತೋಷ ನೆನಪಾದಾಗ.

ವಾರದೊಳಗೆ ಉಣುಗೋಲು ಕಿತ್ತು ಮುಳ್ಳುತಂತಿ ಬಿಗಿದರು. ನುಗ್ಗಿದ್ದನ್ನು ಆಕೆಯೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾಳೆ, ಇನ್ನು ಆಕೆ ತೋಟದೊಳಗೆ ಕಾಲಿಡಕೂಡದು, ಕಾಲಿಟ್ಟರೆ ಮಗಳ ಸಂಸಾರಕ್ಕೂ ಲೈನಿನಲ್ಲಿ ಜಾಗವಿಲ್ಲ ಎಂದು ಮಾಲೀಕರು ಹೇಳಿಕಳಿಸಿದರು. ಸುದ್ದಿ ತಂದ ಮೇಸ್ತ್ರಿ ಈ ಸಲ ನಗಲಿಲ್ಲ.

ಅಜ್ಜಿ ಆಫೀಸಿಗೆ ಬಂದಳು. “ನಾನು ನುಗ್ಗಿದೆ ಅಂತ ಎಲ್ಲಿ ಹೇಳಿದೆ ರೈಟ್ರೇ? ಓದ್ದೋರು ನೀವು, ಅವ್ರಿಗೊಂಚೂರು ತಿಳಿಸಿ ಹೇಳಿ. ಕೂಸಿಗೆ ಇನ್ನೂ ಕತ್ತು ನಿಂತಿಲ್ಲ. ನನ್ ಮಗ್ಳಿಗೆ ನೀರೆರೆಯಕ್ಕೆ ಬರಲ್ಲ.”

ತಪ್ಪು ಬರೆದದ್ದು ನಾನು ಎಂಬ ಒಂದು ಮಾತು ಸಾಕಿತ್ತು. ಅದರ ಬದಲು, “ದೊಡ್ಡೋರ ವಿಚಾರ ಅಜ್ಜಿ, ನೋಡಾಣ,” ಎಂದೆ. ಆಕೆ ಹೋದ ಮೇಲೆ ಹೊಸ ಕಾಗದ ತೆಗೆದು, ಉಣುಗೋಲಿನ ವಿಚಾರವನ್ನು ಬಂದಷ್ಟು ಇಂಗ್ಲಿಷಿನಲ್ಲಿ ಬಿಡಿಸಿ ಬರೆದೆ. ಕಷ್ಟವೇನಾಗಲಿಲ್ಲ, ಎರಡೇ ಸಾಲು. ಆದರೆ ಅದನ್ನು ಕೊಟ್ಟರೆ ಮೊದಲಿನದನ್ನು ಹಾಗೇಕೆ ಬರೆದೆ ಎಂದು ಕೇಳುತ್ತಾರೆ. ಹರಿದು ಹಾಕಿದೆ. ಅಂದು ಸಂಜೆ ಮ್ಯಾನೇಜರು ಆಫೀಸಿಗೆ ಬಂದು, ಏನಾದರೂ ವಿಶೇಷವಿತ್ತೇ ಎಂದು ಕೇಳಿದಾಗಲೂ ಇಲ್ಲವೆಂದೆ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಮಗಳು, ಅಳಿಯ ಆ ತೋಟ ಬಿಟ್ಟು ಬೆಳಗೋಡಿನ ಕಡೆ ಗದ್ದೆ ಕೆಲಸಕ್ಕೆ ಹೋದರು. ಒಂದು ಭಾನುವಾರ ಅಜ್ಜಿ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದಳು. ಕೂಸು ಆಗಲೇ ಕೂರುತ್ತಿತ್ತಂತೆ. ಎತ್ತಿಕೊಳ್ಳಲು ಹೋದರೆ ಗುರುತು ಸಿಗದೆ ಅತ್ತುಬಿಟ್ಟಿತಂತೆ.